ಕಾರ್ಟೂನ್ ಸಿನಿಮಾ ಆದಾಗ ಅದರ ಜೀವ ಎಲ್ಲಿ ಹೋಗುತ್ತದೆ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಭಾನುವಾರದಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಇಲ್ಲಿ ಹೇಳಿಕೊಂಡರೆ ಸ್ವಲ್ಪ ಹಗುರ ಆಗಬಹುದು.

ನನ್ನ ಅಕ್ಕನ ಮಗ ಐದನೇ ಕ್ಲಾಸು. ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟಿದ್ದರಲ್ಲ, ಆಗ ನಮ್ಮ ಮನೆಗೆ ಬಂದಿದ್ದ. ಹೊರಗೆ ಕಾಲಿಡುವ ಹಾಗಿಲ್ಲ. ಇಬ್ಬರೂ ಕೂತು 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ಕಾರ್ಟೂನಿನ ಮೊದಲ ಭಾಗ, 20 ಕಂತು, ಪೂರ್ತಿ ನೋಡಿದೆವು. ಗಾಳಿ, ನೀರು, ಮಣ್ಣು, ಬೆಂಕಿಯನ್ನು ಬೇಕಾದ ಹಾಗೆ ತಿರುಗಿಸಬಲ್ಲವರ ಕಥೆ ಅದು. ನಾನು ಅದನ್ನು ಹೈಸ್ಕೂಲಿನಲ್ಲಿದ್ದಾಗ ನೋಡಿದ್ದೆ. ಅವನಿಗೆ ಹುಚ್ಚೇ ಹಿಡಿಯಿತು. ಟವೆಲ್ ಹೆಗಲಿಗೆ ಹಾಕಿಕೊಂಡು, ಅಜ್ಜನ ಊರುಗೋಲು ಹಿಡಿದು ಜಗಲಿ ತುಂಬಾ ಗಾಳಿ ತಿರುಗಿಸಿದ್ದೇ ತಿರುಗಿಸಿದ್ದು.

ಆಮೇಲೆ ನಾನು ಮಾಡಬಾರದ ಕೆಲಸ ಮಾಡಿದೆ. ಇದೇ ಕಥೆಯ ಸಿನಿಮಾ ಇದೆ ಎಂದು 2010ರ ಚಿತ್ರ ಹಾಕಿದೆ. ಅರ್ಧ ಗಂಟೆ ಆಗಿರಲಿಲ್ಲ, ಹುಡುಗ ಎದ್ದು ಅಡುಗೆಮನೆಗೆ ಹೋದ. ಅಮ್ಮನ ಹತ್ತಿರ ಸುಮ್ನೆ ಕೂತಿದ್ದ. ಕೇಳಿದ್ದಕ್ಕೆ "ಮಾಮ, ಇವನು ಅವನಲ್ಲ. ಇವನು ನಗೋದೇ ಇಲ್ಲ" ಅಂದ.

ಹತ್ತು ವರ್ಷದ ಹುಡುಗನಿಗೆ ಅರ್ಧ ಗಂಟೆಯಲ್ಲಿ ಗೊತ್ತಾದದ್ದು ಅಷ್ಟು ದೊಡ್ಡ ನಿರ್ದೇಶಕರಿಗೆ ಯಾಕೆ ಗೊತ್ತಾಗಲಿಲ್ಲ? ಆ ಕಥೆಯ ನಾಯಕ ಹುಡುಗ ಆಂಗ್ ಇರುವುದೇ ನಗುವುದಕ್ಕೆ. ನೂರು ವರ್ಷ ಮಂಜಿನೊಳಗೆ ಮಲಗಿ ಎದ್ದವನು ಮೊದಲು ಕೇಳುವುದೇ ಪೆಂಗ್ವಿನ್ ಮೇಲೆ ಕೂತು ಜಾರುತ್ತೀಯಾ ಎಂದು. ತನ್ನವರೆಲ್ಲ ಸತ್ತು ಹೋಗಿದ್ದಾರೆ ಎಂದು ಆಮೇಲೆ ತಿಳಿದಾಗ ನಮಗೆ ಕರುಳು ಕಿವುಚುವುದು ಆ ನಗು ನೋಡಿದ್ದಕ್ಕೇ ಅಲ್ವಾ?

ನಿಮ್ಮ ಪ್ರೀತಿಯ ಕಾಮಿಕ್ಸ್ ಅಥವಾ ಕಾರ್ಟೂನನ್ನು ಯಾವ ಸಿನಿಮಾ ಕೆಡಿಸಿತು? ಹೀಗೆ ಯಾಕೆ ಆಗುತ್ತದೆ? ಮನಸ್ಸು ಬಿಚ್ಚಿ ಹೇಳಿ.

ಸಾಗರದ ಸೋನೆ

ಡ್ರ್ಯಾಗನ್‌ಬಾಲ್ ಎವಲ್ಯೂಷನ್, 2009. ನನ್ನ ಪಟ್ಟಿಯಲ್ಲಿ ಮೊದಲನೆಯದೂ ಅದೇ, ಕೊನೆಯದೂ ಅದೇ.

ಕೊಪ್ಪದ ಹುಡುಗಿ

ತುಂಗಾತೀರ ಅವರೇ, ನಿಮ್ಮ ಅಳಿಯನಿಗೆ ನನ್ನ ಪರವಾಗಿ ಒಂದು ಶಹಬ್ಬಾಸ್ ಹೇಳಿ.

ಆ ಸಿನಿಮಾದಲ್ಲಿ ನನಗೆ ತಡೆಯಲಾಗದ್ದು ಮಣ್ಣು ತಿರುಗಿಸುವವರ ಜೈಲು. ಕಾರ್ಟೂನಿನಲ್ಲಿ ಅವರನ್ನು ಸಮುದ್ರದ ನಡುವೆ ಕಬ್ಬಿಣದ ಕಟ್ಟೆಯ ಮೇಲೆ ಕೂಡಿ ಹಾಕಿರುತ್ತಾರೆ. ಸುತ್ತ ಎಲ್ಲೂ ಮಣ್ಣಿಲ್ಲ, ಕಲ್ಲಿಲ್ಲ. ಅದಕ್ಕೇ ಅವರು ಸೋತು ಕೂತಿರುವುದು. ಆಂಗ್ ಜೊತೆಗಿರುವ ಹುಡುಗಿ ಕಟಾರ ಅವರಿಗೆ ಕಲ್ಲಿದ್ದಲು ತಂದುಕೊಟ್ಟರೂ ಮೊದಲು ಕೈ ಎತ್ತುವುದಿಲ್ಲ, ಅಷ್ಟು ಎದೆಗುಂದಿದ್ದಾರೆ. ಸಿನಿಮಾದಲ್ಲಿ? ಬೆಟ್ಟದ ತಪ್ಪಲಲ್ಲಿ, ಮಣ್ಣಿನ ನೆಲದ ಮೇಲೆಯೇ ಕೂಡಿ ಹಾಕಿದ್ದಾರೆ! ಆಂಗ್ ಬಂದು "ನಿಮ್ಮ ಕಾಲ ಕೆಳಗೆ ಮಣ್ಣಿದೆ" ಎಂದು ನೆನಪಿಸಬೇಕು. ಆಮೇಲೆ ಐದಾರು ಜನ ಸೇರಿ ಇಡೀ ಕುಣಿತ ಮುಗಿಸಿದಾಗ ಒಂದು ಸಣ್ಣ ಬಂಡೆ ನಿಧಾನಕ್ಕೆ ತೇಲಿಕೊಂಡು ಹೋಗುತ್ತದೆ.

ಇದು ಹಣದ ಕೊರತೆ ಅಲ್ಲ, ಸಮಯದ ಕೊರತೆಯೂ ಅಲ್ಲ. ಮೂಲ ಕಥೆಯಲ್ಲಿ ಆ ಜೈಲು ಯಾಕೆ ಸಮುದ್ರದಲ್ಲಿದೆ ಎಂದು ಯಾರೂ ಯೋಚಿಸಲೇ ಇಲ್ಲ.

ಅಡಿಕೆತೋಟ (ತೀರ್ಥಹಳ್ಳಿ)

ಸ್ವಲ್ಪ ಆ ಕಡೆಯಿಂದಲೂ ಯೋಚನೆ ಮಾಡಿ ಮಾರಾಯ್ರೆ. 20 ಕಂತು, ಒಂದೊಂದು ಸುಮಾರು 23 ನಿಮಿಷ. ಲೆಕ್ಕ ಹಾಕಿದರೆ ಏಳೂವರೆ ಗಂಟೆ ಮೇಲಾಯಿತು. ಸಿನಿಮಾ 103 ನಿಮಿಷ. ಯಾರು ಮಾಡಿದರೂ ಕೈಕಾಲು ಕತ್ತರಿಸಲೇಬೇಕು.

ಇನ್ನೊಂದು ವಿಷಯ. ಸಿನಿಮಾ ನಿರ್ದೇಶಿಸಿದ ಶ್ಯಾಮಲನ್ ಅವರಿಗೆ ಆ ಕಾರ್ಟೂನ್ ಬಗ್ಗೆ ತಾತ್ಸಾರ ಇರಲಿಲ್ಲ. ಅವರ ಮಗಳು ಕಟಾರ ವೇಷ ಹಾಕಿಕೊಳ್ಳಬೇಕು ಎಂದು ಹಟ ಮಾಡಿದ್ದರಿಂದಲೇ ಅವರು ಅದನ್ನು ನೋಡಿದ್ದು. ನಿಮ್ಮ ಹಾಗೆಯೇ ಮನೆಯ ಮಗುವಿನ ಜೊತೆ ಕೂತು ನೋಡಿದವರು. ಹಾಗಿದ್ದೂ ಎಡವಿದರು. ಹಾಗಾಗಿ 'ಪ್ರೀತಿ ಇದ್ದರೆ ಸಾಕು' ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಕೊಪ್ಪದ ಹುಡುಗಿ

ಪ್ರೀತಿ ಇದ್ದವರು ಹೆಸರನ್ನಾದರೂ ಹಾಗೇ ಬಿಡುತ್ತಿದ್ದರು. ಕಾರ್ಟೂನಿನಲ್ಲಿ ಮೂರು ವರ್ಷ 'ಆ್ಯಂಗ್' ಎಂದು ಕೇಳಿದ ಮಕ್ಕಳಿಗೆ ಸಿನಿಮಾದಲ್ಲಿ 'ಆಂಗ್' ಎಂದರು. ಏಷ್ಯಾದ ಉಚ್ಚಾರ ಬೇಕು ಎಂದು ನಿರ್ದೇಶಕರ ಆಸೆಯಂತೆ. ಉಚ್ಚಾರ ಏಷ್ಯಾದ್ದು, ಆದರೆ ಮುಖ್ಯ ಮೂವರು ಮಕ್ಕಳ ಪಾತ್ರಕ್ಕೆ ಏಷ್ಯಾದ ಒಬ್ಬರೂ ಸಿಗಲಿಲ್ಲ. ಆಗ ಎದ್ದ ಜಗಳ ಸಣ್ಣದಲ್ಲ. ನಮ್ಮ ಕಡೆಯ ಮುಖದ ದೇವ್ ಪಟೇಲ್ ಇದ್ದರು, ಶತ್ರು ಪಾಳಯದಲ್ಲಿ.

ಅಡಿಕೆತೋಟ (ತೀರ್ಥಹಳ್ಳಿ)

ಆ ಮಾತು ಒಪ್ಪಿದೆ ತಂಗಿ. ಪಾತ್ರಗಳ ಆಯ್ಕೆ ವಿಷಯದಲ್ಲಿ ನನ್ನ ಹತ್ತಿರ ಉತ್ತರ ಇಲ್ಲ.

ತುಂಗಾತೀರ (ಶಿವಮೊಗ್ಗ)

ಅಡಿಕೆತೋಟ ಅಣ್ಣಾ, ಸಮಯ ಕಡಿಮೆ ಎನ್ನುವುದು ಪೂರ್ತಿ ಒಪ್ಪುವ ಮಾತಲ್ಲ. 2011ರಲ್ಲಿ ಸ್ಪೀಲ್‌ಬರ್ಗ್ ಟಿನ್‌ಟಿನ್ ಮಾಡಿದರಲ್ಲ, ಮೂರು ಪುಸ್ತಕ ಸೇರಿಸಿ ಎರಡು ಗಂಟೆಯೊಳಗೆ ಹೇಳಿದರು. ನಮ್ಮ ದೇಶದಲ್ಲಿ ಅಮೆರಿಕಕ್ಕಿಂತ ಒಂದು ತಿಂಗಳು ಮೊದಲೇ ಬಂತು. ನಾವು ನಾಲ್ಕು ಗೆಳೆಯರು ಅದನ್ನು ನೋಡಲೆಂದೇ ರೈಲು ಹತ್ತಿ ಬೆಂಗಳೂರಿಗೆ ಹೋಗಿದ್ದೆವು. ಕ್ಯಾಪ್ಟನ್ ಹ್ಯಾಡಕ್ ಕುಡಿದ ಬಾಯಲ್ಲಿ ಬೈಯುತ್ತಾ ಬಂದಾಗ ಪುಸ್ತಕದ ಹ್ಯಾಡಕ್ಕೇ ಎದ್ದು ಬಂದ ಹಾಗಿತ್ತು.

ಹಳೇ ಪುಸ್ತಕದಂಗಡಿ

ಟಿನ್‌ಟಿನ್ ಬಗ್ಗೆ ಒಂದು ತಿದ್ದುಪಡಿ. ಹ್ಯಾಡಕ್ ಸರಿ ಇದ್ದ, ಆದರೆ ಸಖರಿನ್? ಪುಸ್ತಕದಲ್ಲಿ ಅವನು ಹಡಗಿನ ಮಾದರಿ ಕೂಡಿಡುವ ಒಬ್ಬ ಸಾಧು ಮನುಷ್ಯ. ಕಳ್ಳರು ಬರ್ಡ್ ಸಹೋದರರು. ಸಿನಿಮಾದಲ್ಲಿ ಸಖರಿನ್‌ನನ್ನೇ ಖಳನಾಯಕ ಮಾಡಿ, ಅವನ ವಂಶಕ್ಕೂ ಹ್ಯಾಡಕ್ ವಂಶಕ್ಕೂ ಹಳೇ ಹಗೆ ಎಂದು ಕಥೆ ಹೆಣೆದರು. ನೀವು ಅದನ್ನು ಮನ್ನಿಸಿದಿರಿ. ಹಾಗಾದರೆ ಬದಲಾವಣೆ ತಪ್ಪಲ್ಲ, ನಮಗೆ ಇಷ್ಟವಾಗದ ಬದಲಾವಣೆ ಮಾತ್ರ ತಪ್ಪು ಎಂದಾಯಿತು.

ನನ್ನ ಸಂಕಟ ಇನ್ನೂ ಹಳೆಯದು. 1996ರ ಫ್ಯಾಂಟಮ್ ಸಿನಿಮಾ. ನಮ್ಮ ಕಾಲದಲ್ಲಿ ಇಂದ್ರಜಾಲ ಕಾಮಿಕ್ಸ್ ಅಂದರೆ ಜೀವ. 1964ರಲ್ಲಿ ಅದು ಶುರುವಾದದ್ದೇ ಫ್ಯಾಂಟಮ್ ಕಥೆಯಿಂದ. ಬಸ್ ಸ್ಟ್ಯಾಂಡಿನಲ್ಲಿ ಒಂದು ಸಂಚಿಕೆ ಕೊಂಡರೆ ತೀರ್ಥಹಳ್ಳಿ ಬರುವಷ್ಟರಲ್ಲಿ ಮೂರು ಸಲ ಓದುತ್ತಿದ್ದೆ. ಆ ಚಿತ್ರಗಳಲ್ಲಿ ಮುಖವಾಡದ ಹಿಂದೆ ಅವನ ಕಣ್ಣುಗುಡ್ಡೆ ಎಂದೂ ಕಾಣುವುದಿಲ್ಲ. ಬರೀ ಬಿಳಿ. ಅವನ ಮುಖ ಕಂಡವರಿಗೆ ಸಾವು ಎಂದು ಕಾಡಿನ ಹಳೇ ಮಾತು. ನಡೆದಾಡುವ ಭೂತ ಎಂಬ ಹೆದರಿಕೆ ಹುಟ್ಟುತ್ತಿದ್ದದ್ದು ಆ ಬಿಳಿ ಕಣ್ಣಿನಿಂದ. ಸಿನಿಮಾದಲ್ಲಿ ಕಣ್ಣೂ ಕಾಣುತ್ತದೆ, ಮುಖವಾಡವೂ ಕಳಚುತ್ತದೆ. ಬಟ್ಟೆಯ ನೇರಳೆ ಬಣ್ಣ ಮಾತ್ರ ಸರಿಯಾಗಿ ತಂದಿದ್ದರು. ಬಣ್ಣ ಉಳಿಯಿತು, ಭೂತ ಉಳಿಯಲಿಲ್ಲ.

ಹೊಸನಗರದ ಮೇಷ್ಟ್ರು

ಮಕ್ಕಳೇ, ಈ ಜಗಳ ಕಾರ್ಟೂನಿಗಿಂತ ಹಳೆಯದು. 1972ರ ನಾಗರಹಾವು ಚಿತ್ರವನ್ನು ನಾಡೇ ಹೊತ್ತು ಮೆರೆಯಿತು. ಆದರೆ ಕಾದಂಬರಿ ಬರೆದ ತರಾಸು ಅವರಿಗೆ ಸಮಾಧಾನ ಆಗಲಿಲ್ಲ. ಪುಟ್ಟಣ್ಣ ನನ್ನ ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ಬೇಸರಪಟ್ಟರು. ಮೂರು ಕಾದಂಬರಿ ಸೇರಿಸಿ ಒಂದು ಚಿತ್ರ ಮಾಡಿದ್ದು ಅದು. ಬರೆದವರ ನೋವೂ ನಿಜ. ನೋಡಿದವರ ಪ್ರೀತಿಯೂ ನಿಜ. ನಾನು ಎರಡನ್ನೂ ಗೌರವಿಸುತ್ತೇನೆ.

ಇನ್ನು ಬದಲಾವಣೆ ಎಷ್ಟು ಮಾಡಬಹುದು ಎಂಬುದಕ್ಕೆ ನಮ್ಮ ಊರಿನ ಉದಾಹರಣೆಯೇ ಇದೆ. ಕುಪ್ಪಳಿಯ ಕುವೆಂಪು ಅವರು ಬ್ರೌನಿಂಗ್ ಕವಿಯ ಪದ್ಯವನ್ನು ತಂದು ಬೊಮ್ಮನಹಳ್ಳಿಯ ಕಿಂದರಿಜೋಗಿ ಮಾಡಿದರು. ಜರ್ಮನಿಯ ಹ್ಯಾಮೆಲಿನ್ ಬೊಮ್ಮನಹಳ್ಳಿ ಆಯಿತು. ವೇಸರ್ ನದಿ ತುಂಗೆ ಆಯಿತು. ಕೊಳಲೂದುವವನು ಕಿಂದರಿ ಹಿಡಿದ ಜೋಗಿ ಆದ. ಊರು, ನದಿ, ಬಟ್ಟೆ, ವಾದ್ಯ ಯಾವುದೂ ಮೂಲದ್ದಲ್ಲ. ಆದರೆ ಕೊಟ್ಟ ಮಾತಿಗೆ ತಪ್ಪಿದ ಹಿರಿಯರಿಂದಾಗಿ ಊರು ಮಕ್ಕಳನ್ನು ಕಳೆದುಕೊಳ್ಳುವ ಆ ನೋವು ಹಾಗೇ ಇದೆ. ನಾನು ಮೂವತ್ತು ವರ್ಷ ಆ ಪದ್ಯ ಪಾಠ ಮಾಡಿದ್ದೇನೆ. ಇದು ಬೇರೆ ದೇಶದ ಕಥೆ ಎಂದು ಒಂದು ಮಗುವೂ ನನ್ನನ್ನು ಕೇಳಲಿಲ್ಲ.

ಸಾಗರದ ಸೋನೆ

ಮೇಷ್ಟ್ರೇ, ಡ್ರ್ಯಾಗನ್‌ಬಾಲ್‌ನಲ್ಲೂ ಊರು ಬದಲಾಯಿಸಿದರು. ಬೆಟ್ಟದ ಕಾಡಿನಲ್ಲಿ ಬಾಲ ಇಟ್ಟುಕೊಂಡು ಬೆಳೆದ ನಾಯಕ ಗೋಕುವನ್ನು ಅಮೆರಿಕದ ಮಾದರಿಯ ಹೈಸ್ಕೂಲಿಗೆ ಸೇರಿಸಿದರು. ಪಾರ್ಟಿ, ಹುಡುಗಿಯ ಮುಂದೆ ನಾಚಿಕೆ, ಕಾಡಿಸುವ ಪುಂಡ ಹುಡುಗರು. ಇದನ್ನು ಬೇಕಾದರೆ ಬೇರೆ ಯಾವ ಹುಡುಗನ ಕಥೆ ಎಂದೂ ಹೇಳಬಹುದಿತ್ತು.

ಚಿತ್ರಕಥೆ ಬರೆದ ಬೆನ್ ರಾಮ್ಸಿ 2016ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಅಭಿಮಾನಿಯಾಗಿ ಅಲ್ಲ, ದುಡ್ಡಿಗಾಗಿ ಬರೆದೆ ಎಂದು ಒಪ್ಪಿಕೊಂಡರು. ಅಷ್ಟು ವರ್ಷ ಆದ ಮೇಲೂ ಅದನ್ನು ಓದಿ ನನಗೆ ಸಮಾಧಾನ ಆಯಿತು ಎಂದರೆ ನಂಬುತ್ತೀರಾ? ಆ ಸಿನಿಮಾ ಕಂಡು ಬೇಸರಗೊಂಡ ಮೂಲ ಲೇಖಕ ತೋರಿಯಾಮ ಅವರೇ ಮತ್ತೆ ಡ್ರ್ಯಾಗನ್‌ಬಾಲ್ ಕೆಲಸಕ್ಕೆ ಇಳಿದರು. 2013ರಲ್ಲಿ ಹೊಸ ಆನಿಮೇಷನ್ ಸಿನಿಮಾ ಬಂತು. ಕೆಟ್ಟದರಿಂದ ಒಂದು ಒಳ್ಳೆಯದು ಆಯಿತು. ತೋರಿಯಾಮ 2024ರ ಮಾರ್ಚ್‌ನಲ್ಲಿ ತೀರಿಕೊಂಡಾಗ ನಾನು ಆವತ್ತು ಕೆಲಸಕ್ಕೆ ಹೋಗಲಿಲ್ಲ.

ಚೌಕಿಮನೆ (ಶೃಂಗೇರಿ ಕಡೆ)

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಯಕ್ಷಗಾನ, ತಾಳಮದ್ದಳೆ ನೋಡಿ ಬೆಳೆದವರಿಗೆ ಇದು ಬೇಗ ಅರ್ಥ ಆಗುತ್ತದೆ. ಭಾಗವತರು ಹಾಡುವ ಪದ್ಯ ಬರೆದಿಟ್ಟದ್ದು. ಅರ್ಥ ಹೇಳುವವರ ಮಾತು ಅವರವರದ್ದು. ಇವತ್ತು ಒಬ್ಬರ ಕರ್ಣ ಕುಂತಿಯ ಮುಂದೆ ಕಣ್ಣೀರು ಹಾಕುತ್ತಾನೆ, ನಾಳೆ ಇನ್ನೊಬ್ಬರ ಕರ್ಣ ಕಲ್ಲಿನ ಹಾಗೆ ನಿಲ್ಲುತ್ತಾನೆ. ಎರಡಕ್ಕೂ ಜನ ತಲೆದೂಗುತ್ತಾರೆ. ಆದರೆ ಕರ್ಣನ ಬಾಯಲ್ಲಿ ಶಕುನಿಯ ಮಾತು ಬಂತೋ, ಬೆಳಗಾಗುವುದನ್ನೂ ಕಾಯುವುದಿಲ್ಲ, ಬಣ್ಣ ಹಚ್ಚುವ ಚೌಕಿಗೇ ಹೋಗಿ ಕೇಳುತ್ತಾರೆ. ನನ್ನ ಅಪ್ಪ ಹಾಗೆ ಹೋಗಿ ಕೇಳಿದವರು. ಆ ಕಲಾವಿದರು ಕೋಪಿಸಿಕೊಳ್ಳಲಿಲ್ಲ. ಕೂರಿಸಿ ಚಾ ಕೊಟ್ಟು ಮಾತಾಡಿದರು.

ಪಾತ್ರದ ಸ್ವಭಾವ ಮುರಿಯಬಾರದು. ನಗುವ ಹುಡುಗನನ್ನು ನಗದ ಹಾಗೆ ಮಾಡಿದ್ದು ಆ ತಪ್ಪು.

ಕೊಪ್ಪದ ಹುಡುಗಿ

ಇದು. ಇದೇ ನಾನು ಹೇಳಬೇಕು ಅಂದುಕೊಂಡದ್ದು.

ಹಳೇ ಪುಸ್ತಕದಂಗಡಿ

ಹಾಗಾದರೆ ಸಖರಿನ್ ಸ್ವಭಾವ ಮುರಿದದ್ದು ತಪ್ಪಲ್ವಾ? ಅದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಚೌಕಿಮನೆ (ಶೃಂಗೇರಿ ಕಡೆ)

ತಪ್ಪೇ ಸಾರ್. ಆದರೆ ಅವನು ಎರಡು ಮೂರು ಪುಟದಲ್ಲಿ ಬಂದು ಹೋಗುವ ಪಾತ್ರ. ಟಿನ್‌ಟಿನ್‌ನನ್ನೋ ಹ್ಯಾಡಕ್‌ನನ್ನೋ ಹಾಗೆ ಮಾಡಿದ್ದರೆ ನೀವು ಎರಡನೇ ಸಲ ನೋಡುತ್ತಿದ್ದಿರಾ?

ಹಳೇ ಪುಸ್ತಕದಂಗಡಿ

ಇಲ್ಲ. ಅದು ಸರಿ.

ಪುಟ್ಟಿಯ ಅಮ್ಮ (ಭದ್ರಾವತಿ)

ನಾನು ಕಾಮಿಕ್ಸ್ ಓದಿದವಳಲ್ಲ, ಮಕ್ಕಳ ಜೊತೆ ಕೂತು ನೋಡಿ ಕಲಿತವಳು. ನನ್ನ ಮಗಳು ಛೋಟಾ ಭೀಮ್ ನೋಡುತ್ತಲೇ ಊಟ ಮಾಡಿ ಬೆಳೆದಳು. 2024ರ ಮೇ ಕೊನೆಗೆ ನಿಜವಾದ ಮಕ್ಕಳನ್ನು ಹಾಕಿಕೊಂಡು ಅದರ ಸಿನಿಮಾ ಬಂತಲ್ಲ, ಅದನ್ನು ನಿರ್ದೇಶಿಸಿದ್ದು ಬೇರೆ ಯಾರೋ ಅಲ್ಲ, ಛೋಟಾ ಭೀಮ್‌ನನ್ನು ಹುಟ್ಟಿಸಿದ ರಾಜೀವ್ ಚಿಲಕಾ ಅವರೇ. ಆದರೂ ನನ್ನ ಮಗಳಿಗೆ ಹಿಡಿಸಲಿಲ್ಲ. "ಅಮ್ಮಾ, ಲಡ್ಡು ತಿಂದಾಗ ಅವನ ತೋಳು ಉಬ್ಬೋದು ಚೆನ್ನಾಗಿಲ್ಲ" ಅಂದಳು. ಚಿತ್ರದಲ್ಲಿ ಉಬ್ಬಿದರೆ ಖುಷಿ, ನಿಜವಾದ ಹುಡುಗನ ತೋಳು ಉಬ್ಬಿದರೆ ಅವಳಿಗೆ ಏನೋ ಮುಜುಗರ.

ಹಾಗಾಗಿ ನಿರ್ದೇಶಕರಿಗೆ ಮೂಲ ಗೊತ್ತಿಲ್ಲ ಎಂದು ಎಲ್ಲದಕ್ಕೂ ಹೇಳಲಾಗುವುದಿಲ್ಲ. ಇಲ್ಲಿ ಮೂಲವೇ ಅವರದ್ದು.

ರೋಟೋ ಮಾಡುವವ (ರಿಪ್ಪನ್‌ಪೇಟೆ, ಈಗ ಬೆಂಗಳೂರು)

ಅಕ್ಕ, ನಿಮ್ಮ ಮಗಳು ಹೇಳಿದ್ದನ್ನು ನಮ್ಮ ಕೆಲಸದವರು ದಿನಾ ಅನುಭವಿಸುತ್ತಾರೆ. ನಾನು ಎಂಟು ವರ್ಷದಿಂದ ವಿಎಫ್‌ಎಕ್ಸ್ ಕೆಲಸದಲ್ಲಿದ್ದೇನೆ, ಅಂದರೆ ಸಿನಿಮಾ ದೃಶ್ಯಗಳಿಗೆ ಕಂಪ್ಯೂಟರಿನಲ್ಲಿ ಚಿತ್ರ ಸೇರಿಸುವುದು.

ಗೆರೆಯಲ್ಲಿ ಬರೆದ ಬೆಕ್ಕಿನ ಮೇಲೆ ಇಸ್ತ್ರಿ ಪೆಟ್ಟಿಗೆ ಬಿದ್ದು ಅದು ಚಪ್ಪಟೆ ಆದರೆ ನಾವು ನಗುತ್ತೇವೆ. ಯಾಕೆಂದರೆ ಆ ಗೆರೆಗೆ ಮೂಳೆ ಇಲ್ಲ, ರಕ್ತ ಇಲ್ಲ. ಅದೇ ಬೆಕ್ಕಿಗೆ ಒಂದೊಂದೇ ಕೂದಲು ಹಚ್ಚಿ, ಕಣ್ಣಿಗೆ ನೀರಿನ ಹೊಳಪು ಕೊಟ್ಟು, ನಿಜವಾದ ಮನೆಯಲ್ಲಿ ನಿಲ್ಲಿಸಿ ಚಪ್ಪಟೆ ಮಾಡಿದರೆ ನೋಡುವವರಿಗೆ ನೋವಾಗುತ್ತದೆ. ಚಿತ್ರ ಬರೆಯುವವರು ಎರಡು ಗೆರೆಯಲ್ಲಿ ಹೇಳಿ ಉಳಿದದ್ದನ್ನು ನಮ್ಮ ಕಲ್ಪನೆಗೆ ಬಿಡುತ್ತಾರೆ. ಕ್ಯಾಮೆರಾ ಹಾಗೆ ಬಿಡುವುದಿಲ್ಲ, ಎಲ್ಲವನ್ನೂ ಕೇಳುತ್ತದೆ. ಚರ್ಮದ ರಂಧ್ರ ಎಲ್ಲಿ, ಬಟ್ಟೆಯ ಹೊಲಿಗೆ ಎಲ್ಲಿ ಎಂದು.

2019ರ ಸೋನಿಕ್ ಟ್ರೇಲರ್ ನೆನಪಿದೆಯಾ? ನೀಲಿ ಮುಳ್ಳುಹಂದಿಗೆ ಮನುಷ್ಯರ ಹಲ್ಲು. ಏಪ್ರಿಲ್ ಕೊನೆಗೆ ಟ್ರೇಲರ್ ಬಂತು. ಜನ ಎಷ್ಟು ಬೈದರು ಎಂದರೆ ನಿರ್ದೇಶಕ ಜೆಫ್ ಫೌಲರ್ ಕೆಲವೇ ದಿನದಲ್ಲಿ, ವಿನ್ಯಾಸ ಬದಲಾಯಿಸುತ್ತೇವೆ ಎಂದು ಮಾತು ಕೊಟ್ಟರು. ನವೆಂಬರ್‌ನಲ್ಲಿ ಬರಬೇಕಿದ್ದ ಸಿನಿಮಾ 2020ರ ಫೆಬ್ರವರಿಗೆ ಹೋಯಿತು. ಸಿನಿಮಾ ಗೆದ್ದಿತು.

ಆದರೆ ಆ ಬದಲಾವಣೆ ಹೇಗೆ ಆಗುತ್ತದೆ ಎಂದು ಸ್ವಲ್ಪ ಕೇಳಿ. ಒಂದು ಸೆಕೆಂಡಿಗೆ 24 ಫ್ರೇಮ್. ಐದು ಸೆಕೆಂಡಿನ ಒಂದು ಶಾಟ್ ಎಂದರೆ 120. ಮುಖ ಬದಲಾದರೆ ನೆರಳು ಬದಲು, ಬೆಳಕು ಬದಲು, ಹಿಂದಿನದರ ಜೊತೆ ಕೂಡಿಸುವ ಕೆಲಸ ಮತ್ತೆ ಮೊದಲಿನಿಂದ. ಸೋನಿಕ್‌ಗೆ ದುಡಿದ ಎಂಪಿಸಿ ಕಂಪನಿಯ ವ್ಯಾಂಕೂವರ್ ಶಾಖೆ ಸಿನಿಮಾ ಬಿಡುಗಡೆ ಆಗುವ ಮೊದಲೇ, 2019ರ ಡಿಸೆಂಬರ್‌ನಲ್ಲಿ ಮುಚ್ಚಿತು. ಅದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ ನಾವು ಇಲ್ಲಿ ಕೂತು 'ಬದಲಾಯಿಸಿ' ಎಂದಾಗ ಯಾರದೋ ಭಾನುವಾರಗಳು ಹೋಗುತ್ತವೆ. ನಾನು ಕೆಲಸ ಮಾಡಿದ ಒಂದು ಕಡೆ ನಾಯಕನ ಮೇಲಂಗಿಯ ಉದ್ದವನ್ನು ಎಲ್ಲರೂ ಒಪ್ಪಿದ ಮೇಲೆ ಮೂರು ಸಲ ಬದಲಾಯಿಸಿದರು. ಆ ವರ್ಷ ದೀಪಾವಳಿಗೆ ನಾನು ಊರಿಗೆ ಬರಲಿಲ್ಲ. ಅಮ್ಮ ಹೋಳಿಗೆ ಮಾಡಿ ಬಸ್ಸಿನಲ್ಲಿ ಕಳಿಸಿದ್ದಳು.

ತುಂಗಾತೀರ (ಶಿವಮೊಗ್ಗ)

ಇದನ್ನು ಓದಿ ಬೇಸರ ಆಯಿತು ತಮ್ಮಾ. ನಾವು ಬೈಯುವಾಗ ನಿಮ್ಮ ನೆನಪು ಬರುವುದಿಲ್ಲ ಎನ್ನುವುದು ನಿಜ.

ಜೋಗದ ಗಾಳಿ

ಹಾಗೆಂದು ಬೈಯದೆ ಇರಬೇಕಾ? ಸೋನಿಕ್ ಹಲ್ಲು ಹಾಗೇ ಬಂದಿದ್ದರೆ ಆ ಸಿನಿಮಾ ಬಿದ್ದು ಹೋಗುತ್ತಿತ್ತು. ಆ ಕೆಲಸದವರ ಶ್ರಮವೂ ನೀರಿಗೆ ಹೋಗುತ್ತಿತ್ತು. ತಪ್ಪು ಮೊದಲು ಆ ವಿನ್ಯಾಸ ಒಪ್ಪಿದ ಮೇಲಿನವರದ್ದು, ಕೇಳಿದ ನಮ್ಮದಲ್ಲ.

ಮೇಲಿನವರು ಅಂದಾಗ ನೆನಪಾಯಿತು. ಎಲ್ಲದಕ್ಕೂ ನಿರ್ದೇಶಕರ ಜುಟ್ಟು ಹಿಡಿಯುವುದೂ ತಪ್ಪು. 2007ರ ಸ್ಪೈಡರ್‌ಮ್ಯಾನ್ 3ರಲ್ಲಿ ವೆನಮ್ ಎಂಬ ಖಳ ಬೇಕು ಎಂದು ನಿರ್ದೇಶಕ ಸ್ಯಾಮ್ ರೈಮಿ ಕೇಳಿರಲಿಲ್ಲ. ನಿರ್ಮಾಪಕರ ಒತ್ತಾಯಕ್ಕೆ ಸೇರಿಸಿದ್ದು. ಅವರಿಗೆ ಇಷ್ಟವಿದ್ದದ್ದು ಹಳೇ ಕಾಮಿಕ್ಸಿನ ಖಳರು. ಮರಳು ಮನುಷ್ಯ ಹುಟ್ಟುವ ದೃಶ್ಯ ನೋಡಿ. ಮರಳಿನ ಕಣಗಳಿಂದ ಎದ್ದು ನಿಲ್ಲಲು ಒದ್ದಾಡಿ, ಮಗಳ ಲಾಕೆಟ್ ಹಿಡಿಯಲು ಹೋಗಿ ಕೈಯೇ ಉದುರುತ್ತದೆ. ಒಂದು ಮಾತಿಲ್ಲ. ಅದು ಪ್ರೀತಿಯಿಂದ ಮಾಡಿದ್ದು ಎಂದು ಕಣ್ಣಿಗೆ ಕಾಣುತ್ತದೆ. ವೆನಮ್ ಬರುವ ಭಾಗ ಒತ್ತಾಯಕ್ಕೆ ಮಾಡಿದ್ದು ಎಂದೂ ಕಾಣುತ್ತದೆ.

ಅಡಿಕೆತೋಟ (ತೀರ್ಥಹಳ್ಳಿ)

ಹೌದು! ನಾನು ಮೊದಲಿನಿಂದ ಹೇಳುತ್ತಿರುವುದು ಇದನ್ನೇ.

ಸಾಗರದ ಸೋನೆ

ನೀವು ಹೇಳಿದ್ದು ಸಮಯದ ಬಗ್ಗೆ ಅಣ್ಣಾ, ನಿರ್ಮಾಪಕರ ಬಗ್ಗೆ ಅಲ್ಲ.

ಅಡಿಕೆತೋಟ (ತೀರ್ಥಹಳ್ಳಿ)

ಸಮಯ ಕೊಡುವವರು ಯಾರು? ನಿರ್ಮಾಪಕರೇ. ಇರಲಿ, ಕರೆಂಟ್ ಹೋಗುವ ಹಾಗಿದೆ, ಸಂಜೆ ಬರುತ್ತೇನೆ. ನಿಮ್ಮ ಕಡೆ ಅಡಿಕೆಗೆ ಎರಡನೇ ಸಲ ಔಷಧಿ ಹೊಡೆದದ್ದು ಆಯಿತಾ? ಇಲ್ಲಿ ಬಿಸಿಲೇ ಬಿಡುತ್ತಿಲ್ಲ, ಕೊಳೆ ರೋಗದ ಭಯ ಶುರುವಾಗಿದೆ.

ಜೋಗದ ಗಾಳಿ

ನಮ್ಮದು ಒಂದು ಸಲ ಮಾತ್ರ ಆಯಿತು. ಮರ ಹತ್ತುವವರು ಸಿಗುತ್ತಿಲ್ಲ. ಉದುರಿದ ಕಾಯಿ ಆಯುವುದೇ ಕೆಲಸ ಆಗಿದೆ.

ಹೊಸನಗರದ ಮೇಷ್ಟ್ರು

ಬೋರ್ಡೋ ದ್ರಾವಣಕ್ಕೆ ಸುಣ್ಣ ಹೊಸದು ಹಾಕಿ. ಹಳೇ ಸುಣ್ಣ ಹಾಕಿದರೆ ಹಿಡಿಯುವುದಿಲ್ಲ.

ಕೊಪ್ಪದ ಹುಡುಗಿ

ಮೇಷ್ಟ್ರೇ, ಕಾರ್ಟೂನಿಗೆ ವಾಪಸ್ ಬರೋಣ.

ಒಳ್ಳೆಯದನ್ನೂ ಹೇಳಬೇಕಲ್ವಾ? 2018ರ ಸ್ಪೈಡರ್‌ವರ್ಸ್ ಸಿನಿಮಾ ನೋಡಿ ನಾನು ಅತ್ತಿದ್ದೇನೆ. ಅಲ್ಲಿ ಕಾಮಿಕ್ಸನ್ನು ನಿಜ ಮಾಡಲು ಹೋಗಲಿಲ್ಲ. ಮುದ್ರಣದ ಚುಕ್ಕಿ, ಬಣ್ಣ ಆಚೀಚೆ ಸರಿದದ್ದು, ಮಾತಿನ ಪೆಟ್ಟಿಗೆ ಎಲ್ಲ ಹಾಗೇ ಇಟ್ಟರು. ಪುಸ್ತಕದ ಹಾಳೆಯೇ ಎದ್ದು ಓಡಿದ ಹಾಗೆ.

ರೋಟೋ ಮಾಡುವವ (ರಿಪ್ಪನ್‌ಪೇಟೆ, ಈಗ ಬೆಂಗಳೂರು)

ಅದರಲ್ಲಿ ಇನ್ನೊಂದು ಇದೆ. ಕಾಡಿನಲ್ಲಿ ಜೋತಾಡುವ ದೃಶ್ಯದಲ್ಲಿ ಹಳೇ ಸ್ಪೈಡರ್‌ಮ್ಯಾನ್ ಪೀಟರ್‌ಗೆ ಸೆಕೆಂಡಿಗೆ 24 ಭಂಗಿ, ಹೊಸಬ ಮೈಲ್ಸ್‌ಗೆ 12 ಮಾತ್ರ. ಅದಕ್ಕೇ ಮೈಲ್ಸ್ ತಡವರಿಸಿದ ಹಾಗೆ ಕಾಣುತ್ತಾನೆ. ಅವನಿಗೆ ಇನ್ನೂ ಬರುವುದಿಲ್ಲ ಎಂದು ಮಾತಿಲ್ಲದೆ ಹೇಳಿದ್ದಾರೆ. ಮೊದಲ ಸಲ ಇದು ಗೊತ್ತಾದಾಗ ನಾನು ಆ ದೃಶ್ಯವನ್ನು ರಾತ್ರಿ ಎರಡು ಗಂಟೆವರೆಗೆ ಹಿಂದೆ ಮುಂದೆ ಓಡಿಸಿ ನೋಡಿದೆ.

ಪುಟ್ಟಿಯ ಅಮ್ಮ (ಭದ್ರಾವತಿ)

ಅದರ ಎರಡನೇ ಭಾಗ 2023ರಲ್ಲಿ ಬಂದಾಗ ಕನ್ನಡವೂ ಸೇರಿ ನಮ್ಮ ದೇಶದ ಒಂಬತ್ತು ಭಾಷೆಯಲ್ಲಿ ಮಾಡಿದ್ದರು. ನಾನು ಮಗಳನ್ನು ಕರೆದುಕೊಂಡು ಹೋಗೋಣ ಎಂದು ನೋಡಿದರೆ ನಮ್ಮ ಹತ್ತಿರ ಕನ್ನಡದ್ದು ಹಾಕಿರಲೇ ಇಲ್ಲ. ಹಿಂದಿ, ಇಂಗ್ಲಿಷ್ ಮಾತ್ರ. ನಮ್ಮ ದೇಶದ ಪವಿತ್ರ್ ಪ್ರಭಾಕರ್ ಎಂಬ ಸ್ಪೈಡರ್‌ಮ್ಯಾನ್ ಬೇರೆ ಇದ್ದ ಅದರಲ್ಲಿ. ಅವನು ಕನ್ನಡ ಮಾತಾಡುವುದನ್ನು ಮಗಳು ಕೇಳಲಿ ಎಂಬ ಆಸೆ ಇತ್ತು.

ಜೋಗದ ಗಾಳಿ

ಇದು ನನ್ನ ದೊಡ್ಡ ಸಿಟ್ಟು. ಡಬ್ಬಿಂಗ್ ಬೇಡ ಎಂಬ ಅಡ್ಡಿಯನ್ನು ಸ್ಪರ್ಧಾ ಆಯೋಗ 2015ರಲ್ಲಿ ತಪ್ಪು ಎಂದಿತು. ಅದಕ್ಕೂ ಮೊದಲು ಎಷ್ಟು ವರ್ಷ ನಮ್ಮ ಮಕ್ಕಳು ಕಾರ್ಟೂನ್ ಸಿನಿಮಾವನ್ನು ತಮ್ಮ ಭಾಷೆಯಲ್ಲಿ ನೋಡಲಾಗದೆ ಕಳೆದರು! ತಮಿಳು, ತೆಲುಗಿನ ಮಕ್ಕಳಿಗೆ ಸಿಗುತ್ತಿತ್ತು. ಚಿಂಟು ಟಿವಿ ಬಂದಾಗ ನನ್ನ ತಂಗಿ ಕನ್ನಡದಲ್ಲಿ ಕಾರ್ಟೂನ್ ನೋಡಿ ಎಷ್ಟು ಖುಷಿಪಟ್ಟಿದ್ದಳು. ಈಗ ಬಾಗಿಲು ತೆರೆದಿದೆ, ಆದರೆ ಪರದೆ ಕೊಡುವುದಿಲ್ಲ. ಕೇಳಿದರೆ ಜನ ಬರುವುದಿಲ್ಲ ಎನ್ನುತ್ತಾರೆ. ಹಾಕದೆ ಜನ ಹೇಗೆ ಬರುತ್ತಾರೆ?

ಚೌಕಿಮನೆ (ಶೃಂಗೇರಿ ಕಡೆ)

2025ರಲ್ಲಿ ಮಹಾವತಾರ್ ನರಸಿಂಹ ಆನಿಮೇಷನ್ ಬಂದಾಗ ಜನ ಬಂದರಲ್ಲ. ಹೊಂಬಾಳೆಯವರು ಬೆನ್ನಿಗೆ ನಿಂತು ಕನ್ನಡದಲ್ಲೂ ಹಾಕಿಸಿದರು. ನಮ್ಮೂರಿಂದ ಅಜ್ಜಿಯರೂ ಜೀಪು ಮಾಡಿಕೊಂಡು ಹೋಗಿದ್ದರು. ಪ್ರಹ್ಲಾದನ ಕಥೆ ಎಲ್ಲರಿಗೂ ಗೊತ್ತಿರುವುದೇ. ಗೊತ್ತಿರುವುದನ್ನೇ ನೋಡಲು ಹೋದರು.

ಡಿಂಗನ ಗೆಳೆಯ

ನೀವೆಲ್ಲ ಅಮೆರಿಕ, ಜಪಾನ್ ಮಾತಾಡುತ್ತಿದ್ದೀರಿ. ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗನನ್ನು ಯಾರೂ ನೆನೆಯಲಿಲ್ಲ. ಒಂದು ಇಲಿ, ಮೇಲಂಗಿ ಕಟ್ಟಿಕೊಂಡು ಹಾರಿ ಬಂದು ಕಾಡಿನ ಪ್ರಾಣಿಗಳನ್ನು ಕಾಪಾಡುವ ಇಲಿ. ನಮ್ಮ ಊರಿಗೆ ಬಾಲಮಂಗಳ ಬರುತ್ತಿದ್ದದ್ದು ಒಂದೇ ಅಂಗಡಿಗೆ, ಮೂರೇ ಪ್ರತಿ. ಗದ್ದೆ ಬದುವಿನ ಮೇಲೆ ಓಡಿ ಹೋಗಿ ಮೊದಲು ಕೊಳ್ಳಬೇಕು, ಇಲ್ಲದಿದ್ದರೆ ಹದಿನೈದು ದಿನ ಬೇರೆಯವರ ಮನೆಯಲ್ಲಿ ಕಾಯಬೇಕು. ಡಿಂಗನ ಮೇಲೆ ಒಂದು ಒಳ್ಳೆಯ ಕನ್ನಡ ಸಿನಿಮಾ ಯಾಕೆ ಆಗಬಾರದು?

ಸಾಗರದ ಸೋನೆ

ದಯವಿಟ್ಟು ಬೇಡ. ಕೆಡಿಸುತ್ತಾರೆ. ಅವನು ನೆನಪಿನಲ್ಲೇ ಇರಲಿ.

ಡಿಂಗನ ಗೆಳೆಯ

ಹೆದರಿ ಮಾಡದೇ ಇದ್ದರೆ ನಮ್ಮ ಮಕ್ಕಳಿಗೆ ಅವನು ಗೊತ್ತಾಗುವುದು ಹೇಗೆ? ಪತ್ರಿಕೆಯೂ ನಿಂತುಹೋಯಿತು. ಕೇರಳದವರು ಮಿನ್ನಲ್ ಮುರಳಿ ಮಾಡಲಿಲ್ವಾ? ಊರಿನ ದರ್ಜಿ ಹುಡುಗನಿಗೆ ಸಿಡಿಲು ಬಡಿದು ಶಕ್ತಿ ಬರುತ್ತದೆ. ಊರು, ಜಾತ್ರೆ, ಚರ್ಚು, ಬಸ್ಸು ಎಲ್ಲ ಅವರದ್ದೇ. ಮಲೆನಾಡಿನಲ್ಲಿ ಸಿಡಿಲಿಗೆ ಏನು ಕೊರತೆ?

ಹೊಸನಗರದ ಮೇಷ್ಟ್ರು

ಡಿಂಗನ ಗೆಳೆಯರು ಹೇಳಿದ್ದು ಸರಿ. ನಮ್ಮ ನೆಲದಲ್ಲಿ ಆಗುವುದಿಲ್ಲ ಎಂದು ಹೇಳಬೇಡಿ. ಶಂಕರ್ ನಾಗ್ ಮಾಲ್ಗುಡಿ ಡೇಸ್ ಧಾರಾವಾಹಿ ಮಾಡಿದ್ದು ಎಲ್ಲಿ? ಆಗುಂಬೆಯಲ್ಲಿ. ಆರ್.ಕೆ. ನಾರಾಯಣ್ ಅವರಿಗೆ 1965ರ ಗೈಡ್ ಚಿತ್ರ ಹಿಡಿಸಿರಲಿಲ್ಲ. ತಮ್ಮ ಸಣ್ಣ ಊರನ್ನು ಬಿಟ್ಟು ರಾಜಸ್ಥಾನದ ಅರಮನೆ, ದೊಡ್ಡ ದೊಡ್ಡ ಬೀದಿಗೆ ಕಥೆ ಹೋಯಿತು ಎಂದು ನೊಂದು ಬರೆದರು. ಇಪ್ಪತ್ತು ವರ್ಷದ ಮೇಲೆ ಶಂಕರ್ ನಾಗ್ ಆ ಸಣ್ಣ ಊರನ್ನೇ ಹುಡುಕಿಕೊಂಡು ಬಂದರು. ನಾರಾಯಣ್ ಅವರ ತಮ್ಮ ಲಕ್ಷ್ಮಣ್ ಅವರ ಗೆರೆಯ ಚಿತ್ರಗಳಲ್ಲಿ ಇದ್ದ ಜಗಲಿ, ಕಂಬ, ಹೆಂಚಿನ ಮಾಡು ಆಗುಂಬೆಯ ದೊಡ್ಡಮನೆಯಲ್ಲಿ ಸಿಕ್ಕಿತು. ರೈಲು ನಿಲ್ದಾಣ ಅರಸಾಳಿನಲ್ಲಿ ಸಿಕ್ಕಿತು. ಈಗ ಅಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ ಅದನ್ನೂ ರೂಪಿಸಿದ್ದು.

ಆ ಧಾರಾವಾಹಿಗೆ ಆಗುಂಬೆಯ ಜನರೇ ಮನೆ ಬಿಟ್ಟುಕೊಟ್ಟರು, ಬೀದಿಯಲ್ಲಿ ನಡೆದರು. ಇಂಗ್ಲಿಷಿನಲ್ಲಿ ಬರೆದ ಕಥೆ, ಹಿಂದಿಯಲ್ಲಿ ಮಾತು, ಮಳೆ ಮಾತ್ರ ನಮ್ಮದು. ಆದರೂ ಸ್ವಾಮಿ ಸ್ವಾಮಿಯೇ ಆಗಿದ್ದ.

ಹಳೇ ಪುಸ್ತಕದಂಗಡಿ

ಮೇಷ್ಟ್ರೇ, ಇದೊಂದು ವಿಷಯದಲ್ಲಿ ನನ್ನದು ಜಗಳ ಇಲ್ಲ. ಪುಸ್ತಕದ ಚಿತ್ರ ನೋಡಿ ಆಮೇಲೆ ಧಾರಾವಾಹಿ ನೋಡಿದವನು ನಾನು. ಎರಡೂ ಒಂದೇ ಊರು ಅನ್ನಿಸಿತು.

ಕೊಪ್ಪದ ಹುಡುಗಿ

ಹಾಗೆಂದು ಗೆರೆಗೆ ಗೆರೆ ಇಳಿಸಿದರೆ ಎಲ್ಲ ಸರಿ ಹೋಗುತ್ತದೆ ಎಂದಲ್ಲ. 2009ರ ವಾಚ್‌ಮೆನ್ ನೋಡಿ. ಕಾಮಿಕ್ಸಿನ ಎಷ್ಟೋ ಚೌಕಗಳನ್ನು ಇದ್ದ ಹಾಗೇ ಶೂಟ್ ಮಾಡಿದರು. ಆದರೆ ಹೊಡೆದಾಟ ಬಂದಾಗೆಲ್ಲ ನಿಧಾನಗತಿಯಲ್ಲಿ ಮೆರೆಸಿದರು. ಆ ಪುಸ್ತಕ ಬರೆದದ್ದೇ ಇಂಥ ವೀರರನ್ನು ಮೆರೆಸಬಾರದು ಎಂದು. ಹೊರಗಿನದು ಅಷ್ಟು ನಿಷ್ಠೆಯಿಂದ ಇಟ್ಟು ಒಳಗಿನದನ್ನು ಕೈಬಿಟ್ಟರು. ಬರೆದ ಅಲನ್ ಮೂರ್ ತಮ್ಮ ಹೆಸರನ್ನೇ ಹಾಕಬೇಡಿ ಎಂದಿದ್ದರು.

ಜೋಗದ ಗಾಳಿ

ಇದಕ್ಕೆ ನನ್ನ ವಿರೋಧ ಇದೆ. ವಾಚ್‌ಮೆನ್ ನನಗೆ ಇಷ್ಟ. ಮೊದಲ ಹಾಡಿನಲ್ಲಿ ಹಲವು ದಶಕಗಳ ಇತಿಹಾಸ ಹೇಳಿ ಮುಗಿಸುವುದು ಯಾವ ಕಾಮಿಕ್ಸಿಗೂ ಆಗದ ಕೆಲಸ. ಬೇಕಾದರೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿಗೆ ಬರುತ್ತೇನೆ.

ಕೊಪ್ಪದ ಹುಡುಗಿ

ಆಯಿತು, ಮಾಡುತ್ತೇನೆ. ತಪ್ಪಿಸಿಕೊಳ್ಳಬೇಡಿ.

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ಧನ್ಯವಾದ. ನಿನ್ನೆ ಅಳಿಯನಿಗೆ ಫೋನ್ ಮಾಡಿದ್ದೆ. ಸಿನಿಮಾ ಬಿಡು, ಕಾರ್ಟೂನಿನ ಎರಡನೇ ಭಾಗ ನೋಡೋಣ, ಅದರಲ್ಲಿ ಕಣ್ಣು ಕಾಣದ ಹುಡುಗಿ ಟಾಫ್ ಬರುತ್ತಾಳೆ, ಅಂಗಾಲಿನಿಂದಲೇ ಎಲ್ಲ ತಿಳಿಯುತ್ತಾಳೆ ಎಂದೆ. "ಅವಳೂ ನಗ್ತಾಳಾ?" ಎಂದು ಕೇಳಿದ. ಜೋರಾಗಿ ನಗುತ್ತಾಳೆ ಎಂದೆ. ಶನಿವಾರ ಸಂಜೆ ಬಸ್ಸಿಗೆ ಬರುತ್ತಾನಂತೆ. ಒಟ್ಟು 61 ಕಂತು, ಇನ್ನೂ 41 ಬಾಕಿ ಇದೆ.

ಡಿಂಗನ ಗೆಳೆಯರೇ, ನಿಮ್ಮ ಹತ್ತಿರ ಹಳೇ ಬಾಲಮಂಗಳ ಇದೆಯಾ? ಅವನಿಗೆ ಡಿಂಗನನ್ನು ತೋರಿಸಬೇಕು.

ಡಿಂಗನ ಗೆಳೆಯ

ಅಟ್ಟದ ಮೇಲೆ ಒಂದು ಕಟ್ಟು ಇದೆ. ಕೆಲವಕ್ಕೆ ಗೆದ್ದಲು ಹಿಡಿದಿದೆ, ಉಳಿದದ್ದು ಓದುವ ಹಾಗಿದೆ. ಶುಕ್ರವಾರ ಕೆಲಸದ ಮೇಲೆ ಶಿವಮೊಗ್ಗಕ್ಕೆ ಬರುತ್ತಿದ್ದೇನೆ, ಗೋಪಿ ಸರ್ಕಲ್ ಹತ್ತಿರ ಸಿಗೋಣ. ದಪ್ಪ ಪ್ಲಾಸ್ಟಿಕ್ ಚೀಲ ತನ್ನಿ, ಮಳೆ ಬಿಡುವ ಹಾಗೆ ಕಾಣುತ್ತಿಲ್ಲ. ಓದಿ ವಾಪಸ್ ಕೊಡಬೇಕು, ನನ್ನ ಮಗಳಿಗೂ ಬೇಕು.